ಹಳದಿ ಟೇಪ್ ಅಂತ ನಾನೂ ಬರೆದಿದ್ದೆ

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಕೆಲಸ ಅಂದರೆ ಏನು, ಮೈಕ್ರೋಮೀಟರ್ ಹಿಡಿದು ಕೂತು ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. 2018ರ ಮಾರ್ಚ್ ಕೊನೆಯ ವಾರ ಇಡೀ ಶಾಪ್ ಆಸ್ಟ್ರೇಲಿಯಾ ಕ್ರಿಕೆಟ್ ಕ್ಯಾಪ್ಟನ್ ಸ್ಟೀವ್ ಸ್ಮಿತ್‌ಗೆ ಬೈಯುತ್ತಿತ್ತು. ನಾನೂ ಬೈಯುತ್ತಿದ್ದೆ. ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ ಬೈಯುತ್ತಿದ್ದೆ, ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ನಮ್ಮ ಕಥೆ. 20 ಎಂಎಂ ಪಿನ್, 600 ಪೀಸ್‌ನ ಲಾಟ್. ಡ್ರಾಯಿಂಗ್ ಪ್ರಕಾರ ಜಾಸ್ತಿ ಅಂದರೆ 20.000, ಕಮ್ಮಿ ಅಂದರೆ 19.987. ನಡುವೆ ಇರುವುದು 13 ಮೈಕ್ರಾನ್, ಅಂದರೆ ಒಂದು ಎಂಎಂನ ಸಾವಿರದಲ್ಲಿ 13 ಭಾಗ. ತಲೆಕೂದಲು ಇದರ ನಾಲ್ಕೈದು ಪಟ್ಟು ದಪ್ಪ ಇರುತ್ತದೆ. ಗ್ರೈಂಡಿಂಗ್ ಆಗಿ ಬಂದ ಪಿನ್‌ಗಳಲ್ಲಿ ಒಂದಷ್ಟು ಐದಾರು ಮೈಕ್ರಾನ್ ದಪ್ಪ ಇದ್ದವು. ವಾಪಸ್ ಗ್ರೈಂಡಿಂಗ್‌ಗೆ ಹಾಕಬೇಕು, ಆದರೆ ಆ ಮಷಿನ್ ಮೇಲೆ ಆಗಲೇ ಬೇರೆ ಜಾಬ್ ಕೂತಿತ್ತು, ಸೆಟ್ಟಿಂಗ್ ಕಳಚಿದರೆ ಅರ್ಧ ದಿನ ಹೋಗುತ್ತದೆ, ಡಿಸ್ಪ್ಯಾಚ್ ಗಾಡಿ ಸಂಜೆಗೆ ಬರುತ್ತದೆ. ನಮ್ಮ ಹಿರಿಯ ಆಪರೇಟರ್ ನನ್ನ ಟೇಬಲ್ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಸಾರ್, ಐದಾರು ಮೈಕ್ರಾನ್ ತಾನೇ, ಲೇತ್‌ಗೆ ಹಾಕಿ ಎಮರಿ ಹೊಡೆದು ಕೊಡ್ತೀನಿ."

ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ನೋಡಿ ಅಣ್ಣ" ಅಂದೆ. ನೋಡಿ ಅಣ್ಣ ಅಂದರೆ ನಮ್ಮ ಶಾಪ್‌ನಲ್ಲಿ ಏನರ್ಥ ಅಂತ ಇಬ್ಬರಿಗೂ ಗೊತ್ತು.

ಎಮರಿ ಅಂದರೆ ಲೋಹ ಉಜ್ಜುವ ಒರಟು ಕಾಗದ. ಅದನ್ನು ಕೈಯಲ್ಲಿ ಹಿಡಿದು ತಿರುಗುವ ಪಿನ್ ಮೇಲೆ ಒತ್ತಿದರೆ ಸೈಜ್ ಇಳಿಯುತ್ತದೆ, ನಿಜ. ಆದರೆ ಒಂದೇ ಸಮ ಇಳಿಯುವುದಿಲ್ಲ. ನಡುವೆ ಸರಿ ಬಂದರೆ ತುದಿಯಲ್ಲಿ ಜಾಸ್ತಿ ತಿಂದಿರುತ್ತದೆ. ಅದಕ್ಕೇ ಮೂರು ಕಡೆ ಅಳೆಯಬೇಕು ಅಂತ ಇರುವುದು. ನಾನು ನಡುವೆ ಒಂದೇ ಕಡೆ ಅಳೆದೆ. ಯಾಕೆ ಒಂದೇ ಕಡೆ? ಮೂರು ಕಡೆ ಅಳೆದರೆ ಏನು ಸಿಗುತ್ತದೆ ಅಂತ ನನಗೆ ಗೊತ್ತಿತ್ತು. ಪಿನ್‌ಗಳು ಮಾತ್ರ ಮಿರಮಿರ ಮಿಂಚುತ್ತಿದ್ದವು.

ಶುಕ್ರವಾರ ಕಸ್ಟಮರ್ ಕಡೆಯಿಂದ ಫೋನ್. ಪಿನ್ ತುದಿಯಲ್ಲಿ ಲೂಸ್ ಇದೆ, ಲೈನ್ ನಿಂತಿದೆ, ಏನಾಯಿತು ಅಂತ ಬರೆದು ಕಳಿಸಿ. ಶನಿವಾರ ಮಧ್ಯಾಹ್ನ ಕೂತು ರಿಪೋರ್ಟ್ ಬರೆದೆ. ಕಾರಣ ಅನ್ನುವ ಜಾಗದಲ್ಲಿ "ಗೇಜ್ ಸವೆದಿದ್ದರಿಂದ ಅಳತೆಯಲ್ಲಿ ವ್ಯತ್ಯಾಸ" ಅಂತ ಹಾಕಿದೆ. ನೋಡಿ, ಇದು ಪೂರ್ತಿ ಸುಳ್ಳಲ್ಲ. ಗೇಜ್, ಅಂದರೆ ಅಳೆಯುವ ಸಾಧನ, ನಿಜವಾಗಿಯೂ ಸ್ವಲ್ಪ ಸವೆದಿತ್ತು. ತಪ್ಪು ನಮ್ಮದೇ ಅಂತಲೂ ಒಪ್ಪಿಕೊಂಡಿದ್ದೆ, ಕ್ಷಮೆಯನ್ನೂ ಕೇಳಿದ್ದೆ. ಎಮರಿ ಅನ್ನುವ ಪದ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಮೇಲ್ ಹೋಯಿತು, ಮನಸ್ಸು ಹಗುರ ಆಯಿತು, ಮನೆಗೆ ಹೋಗಿ ಮ್ಯಾಚ್ ಹಾಕಿದೆ.

ಅವತ್ತು ಮಾರ್ಚ್ 24. ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್, ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾ ನಡುವಿನ ಮೂರನೇ ಟೆಸ್ಟ್. ಕ್ಯಾಮರಾನ್ ಬ್ಯಾಂಕ್ರಾಫ್ಟ್ ಅನ್ನುವ ಹುಡುಗ, ಟೀಮಿಗೆ ಬಂದು ಇನ್ನೂ ಕೆಲವು ತಿಂಗಳಾಗಿದೆ ಅಷ್ಟೇ, ಕೈಯಲ್ಲಿ ಏನೋ ಹಳದಿ ಬಣ್ಣದ್ದು ಇಟ್ಟುಕೊಂಡು ಬಾಲ್ ಉಜ್ಜುವುದು ಕ್ಯಾಮೆರಾಗೆ ಸಿಕ್ಕಿತು. ಒಂದು ಕಡೆ ಒರಟು ಮಾಡಿದರೆ ಹಳೆ ಬಾಲ್ ರಿವರ್ಸ್ ಸ್ವಿಂಗ್ ಆಗುತ್ತದೆ, ಅಂದರೆ ಗಾಳಿಯಲ್ಲಿ ಉಲ್ಟಾ ದಿಕ್ಕಿಗೆ ತಿರುಗುತ್ತದೆ, ಅದಕ್ಕೆ. ಮೈದಾನದ ಪರದೆ ಮೇಲೆ ಅದು ಬಂದ ಕೂಡಲೇ ಅವನು ಅದನ್ನು ಪ್ಯಾಂಟಿನ ಒಳಗೆ ತುರುಕಿಕೊಂಡ. ಅಂಪೈರ್‌ಗಳು ಕರೆದು ಕೇಳಿದಾಗ ಜೇಬಿನಿಂದ ಕನ್ನಡಕ ಒರೆಸುವ ಕಪ್ಪು ಬಟ್ಟೆ ತೆಗೆದು ತೋರಿಸಿದ.

ಅವತ್ತೇ ರಾತ್ರಿ ಕ್ಯಾಪ್ಟನ್ ಸ್ಮಿತ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರಕರ್ತರ ಮುಂದೆ ಒಪ್ಪಿಕೊಂಡ. ಹೌದು, ಮಾಡಿದೆವು, ಮುಖ್ಯ ಆಟಗಾರರಿಗೆ ಗೊತ್ತಿತ್ತು, ಬಳಸಿದ್ದು ಹಳದಿ ಟೇಪ್, ಅದಕ್ಕೆ ಪಿಚ್ ಪಕ್ಕದ ಮಣ್ಣು ಅಂಟಿಸಿಕೊಂಡಿದ್ದೆವು. ಇದು ಅವರ ಕಥೆ.

ಸೋಮವಾರ ಟೀ ಟೈಮಿಗೆ ಶಾಪ್‌ನಲ್ಲಿ ಬೇರೆ ಮಾತೇ ಇಲ್ಲ. ವಾಟ್ಸಾಪ್‌ನಲ್ಲಿ ಮೀಮ್ ಮೇಲೆ ಮೀಮ್. ಹಿಂದಿನ ವರ್ಷ ನಮ್ಮ ಚಿನ್ನಸ್ವಾಮಿಯಲ್ಲೇ ಸ್ಮಿತ್ ರಿವ್ಯೂ ತೆಗೆದುಕೊಳ್ಳಲೋ ಬೇಡವೋ ಅಂತ ಡ್ರೆಸಿಂಗ್ ರೂಮ್ ಕಡೆ ತಿರುಗಿ ನೋಡಿದ್ದನಲ್ಲ, ಆಮೇಲೆ ತಲೆ ಓಡಲಿಲ್ಲ ಅಂತ ಸಬೂಬು ಹೇಳಿದ್ದನಲ್ಲ, ಆ ವಿಡಿಯೋ ಮತ್ತೆ ಎದ್ದು ಬಂತು. ಬೆಂಗಳೂರಿನವರಿಗೆ ಅದು ಮೊದಲೇ ಹೊಟ್ಟೆಯಲ್ಲಿತ್ತು. ಕಳ್ಳ ಯಾವಾಗಲೂ ಕಳ್ಳನೇ ಅಂತ ಒಬ್ಬ, ಜೀವನಪೂರ್ತಿ ಬ್ಯಾನ್ ಮಾಡಬೇಕು ಅಂತ ಇನ್ನೊಬ್ಬ. ಇನ್ಯಾರೋ ಮೆಲ್ಲಗೆ, 2004ರಲ್ಲಿ ಬ್ರಿಸ್ಬೇನ್‌ನಲ್ಲಿ ಕೆಮ್ಮಿನ ಮಿಠಾಯಿ ಬಾಲ್‌ಗೆ ತಾಗಿಸಿದ್ದಕ್ಕೆ ನಮ್ಮ ದ್ರಾವಿಡ್‌ಗೂ ಅರ್ಧ ಮ್ಯಾಚ್ ಫೀ ದಂಡ ಬಿದ್ದಿತ್ತು ಅಂತ ನೆನಪಿಸಿದ. ಅವನ ಮೇಲೆ ಎಲ್ಲರೂ ಎಗರಿಬಿದ್ದರು. ದ್ರಾವಿಡ್ ಸುದ್ದಿಗೆ ಮಾತ್ರ ಹೋಗಬೇಡ!

ನಮ್ಮ ಹಿರಿಯ ಆಪರೇಟರ್ ಮೀಮ್ ನೋಡುವವರಲ್ಲ. ಯಾರದೋ ಫೋನಿನಲ್ಲಿ ಆ ವಿಡಿಯೋವನ್ನು ಎರಡು ಸಲ ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆ ಸರಿಸಿ, "ಟೇಪಿಗೆ ಮಣ್ಣು ಅಂಟಿಸಿದ್ರೆ ಚರ್ಮ ಸವೆಯುತ್ತಾ? ಅದು ಎಮರಿನೇ" ಅಂದರು. ಹಾಗೇ ನನ್ನ ಕಡೆ ನೋಡಿದರು. ಏನೂ ಹೇಳಲಿಲ್ಲ. ನಾನು ಜೋರಾಗಿ ಸ್ಮಿತ್‌ಗೆ ಬೈದೆ.

ಬುಧವಾರ ಅವರ ಬೋರ್ಡ್ ಕ್ರಿಕೆಟ್ ಆಸ್ಟ್ರೇಲಿಯಾ ತನ್ನ ವಿಚಾರಣೆಯ ಫಲಿತಾಂಶ ಹೇಳಿತು. ಟೇಪ್ ಅಲ್ಲ, ಸ್ಯಾಂಡ್ ಪೇಪರ್, ನಮ್ಮ ಎಮರಿ ಜಾತಿಯದೇ. ಪ್ಲಾನ್ ಹಾಕಿದ್ದು, ಹೇಗೆ ಉಜ್ಜಬೇಕು ಅಂತ ತೋರಿಸಿಕೊಟ್ಟಿದ್ದು ವೈಸ್ ಕ್ಯಾಪ್ಟನ್ ಡೇವಿಡ್ ವಾರ್ನರ್. ಸ್ಮಿತ್ ಮತ್ತು ವಾರ್ನರ್‌ಗೆ 12 ತಿಂಗಳು, ಬ್ಯಾಂಕ್ರಾಫ್ಟ್‌ಗೆ 9 ತಿಂಗಳು ನಿಷೇಧ. ಆ ವರ್ಷದ ಐಪಿಎಲ್ ಕೂಡ ಸ್ಮಿತ್, ವಾರ್ನರ್ ಕೈತಪ್ಪಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಬಾಲ್ ಕೆಡಿಸಿದ ತಪ್ಪಿಗೆ ಐಸಿಸಿ ಸ್ಮಿತ್‌ಗೆ ಕೊಟ್ಟಿದ್ದು ಒಂದೇ ಟೆಸ್ಟ್‌ನ ನಿಷೇಧ, ಜೊತೆಗೆ ಮ್ಯಾಚ್ ಫೀ ಪೂರ್ತಿ ದಂಡ. ಒಂದು ಟೆಸ್ಟ್ ಎಲ್ಲಿ, ಒಂದು ವರ್ಷ ಎಲ್ಲಿ! ಅವರ ಬೋರ್ಡ್ ಹೊರಿಸಿದ ಆರೋಪಗಳ ಪಟ್ಟಿಯಲ್ಲಿ, ಬಾಲ್ ಜೊತೆಗೆ, ಸಾರ್ವಜನಿಕರಿಗೆ ದಾರಿ ತಪ್ಪಿಸುವ ಮಾತು ಆಡಿದ್ದೂ ಇತ್ತು. ಅದನ್ನು ಓದಿ ನನಗೆ ರಾತ್ರಿ ಊಟ ಸೇರಲಿಲ್ಲ. ಟೇಪ್ ಅಂದಿದ್ದರಲ್ಲ, ಅದು ನನ್ನ ಸವೆದ ಗೇಜ್.

ಬೆಳಿಗ್ಗೆ ಓನರ್ ಹತ್ತಿರ ಹೋಗಿ ಹೇಳೋಣ ಅಂದುಕೊಂಡೆ. ನಾನು ಹೋಗುವಷ್ಟರಲ್ಲಿ ಕಸ್ಟಮರ್ ಕಡೆಯ ಇನ್ಸ್‌ಪೆಕ್ಟರ್ ಮೇಡಂ ಬಂದು ಕೂತಿದ್ದರು. ಮುಂದೆ ಒಂದು ಡಬ್ಬ, ಅದರಲ್ಲಿ ನಮ್ಮ ಎಂಟು ಪಿನ್, ಪಕ್ಕದಲ್ಲಿ ಒಂದು ಭೂತಗನ್ನಡಿ. ಅವರು ಕೂಗಾಡಲಿಲ್ಲ. ಭೂತಗನ್ನಡಿ ನನ್ನ ಕೈಗೆ ಕೊಟ್ಟು "ನೋಡಿ" ಅಂದರು, ಅಷ್ಟೇ. ಗ್ರೈಂಡಿಂಗ್ ಗೆರೆ ಕೂದಲು ಬಾಚಿದ ಹಾಗೆ ಒಂದೇ ಸಮ ಇರುತ್ತದೆ. ಅಲ್ಲಿದ್ದ ಗೆರೆಗಳು ಅಡ್ಡಾದಿಡ್ಡಿ ಓಡಿದ್ದವು. ಮಗುವೂ ಹೇಳುತ್ತದೆ ಅದು ಎಮರಿ ಅಂತ.

ಎಲ್ಲಾ ಹೇಳಿದೆ. ನೋಡಿ ಅಣ್ಣ ಅಂದಿದ್ದು, ಒಂದೇ ಕಡೆ ಅಳೆದಿದ್ದು, ಎಲ್ಲಾ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಶನಿವಾರ ಇದನ್ನೇ ಬರೆದಿದ್ದರೆ ನಾವು ಆ ಪಿನ್‌ಗಳನ್ನಷ್ಟೇ ಬೇರೆ ಮಾಡುತ್ತಿದ್ದೆವು. ನೀವು ಗೇಜ್ ಅಂದಿರಿ. ಆ ಗೇಜ್‌ನಲ್ಲಿ ಇನ್ನೇನೇನು ಪಾಸ್ ಆಗಿದೆ?" ನನಗೆ ಅದು ಹೊಳೆದೇ ಇರಲಿಲ್ಲ. ಗೇಜ್ ತಪ್ಪು ಅಂದರೆ ಅದರಲ್ಲಿ ಅಳೆದದ್ದೆಲ್ಲ ತಪ್ಪು. ಅವರು ಐದು ದಿನದಿಂದ ನಮ್ಮ ಮೂರು ತಿಂಗಳ ಮಾಲನ್ನು ಗೋಡೌನ್‌ನಲ್ಲಿ ಒಂದೊಂದಾಗಿ ಅಳೆಸುತ್ತಿದ್ದರು. ಆ ಕೂಲಿ ಎಲ್ಲಾ ನಮ್ಮ ಬಿಲ್‌ನಲ್ಲಿ ಕಟ್ ಆಯಿತು. ನನ್ನ ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು, ಕೆಲಸ ಉಳಿಯಿತು. ಆಪರೇಟರ್‌ಗೆ ಏನೂ ಆಗದ ಹಾಗೆ ಓನರ್ ನೋಡಿಕೊಂಡರು. ಅದು ಸರಿಯೇ ಅಂತ ಈಗಲೂ ನನಗೆ ಅನಿಸುತ್ತದೆ.

ಅದೇ ಗುರುವಾರ ಸ್ಮಿತ್ ಸಿಡ್ನಿ ಏರ್‌ಪೋರ್ಟ್‌ನಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟಿದ್ದರು. ಸೋಮವಾರ ಜೀವನಪೂರ್ತಿ ಬ್ಯಾನ್ ಅಂದವನೇ ಶುಕ್ರವಾರ ಆ ವಿಡಿಯೋ ಗ್ರೂಪಿಗೆ ಹಾಕಿ, ಪಾಪ ಕಣ್ರೋ, ಇಷ್ಟೊಂದು ಮಾಡಬಾರದಿತ್ತು ಅಂತ ಬರೆದ. ನಾನು ನಗಲಿಲ್ಲ, ಏನೂ ಬರೆಯಲಿಲ್ಲ. ಆ ವರ್ಷ ಡಿಸೆಂಬರ್‌ನಲ್ಲಿ ಸ್ಮಿತ್ ಮತ್ತೆ ಮಾತಾಡಿದ. ಡ್ರೆಸಿಂಗ್ ರೂಮ್‌ನಲ್ಲಿ ಏನೋ ನಡೆಯುತ್ತಿರುವುದು ಕಂಡಿತು, ತಡೆಯಬಹುದಿತ್ತು, ತಡೆಯದೆ ದಾಟಿಕೊಂಡು ಹೋದೆ ಅಂತ. ಅವನದೂ ಒಂದು "ನೋಡಿ ಅಣ್ಣ".

2019ರ ಆಗಸ್ಟ್‌ನಲ್ಲಿ ಮೂವರೂ ಎಜ್‌ಬಾಸ್ಟನ್‌ನಲ್ಲಿ ಮತ್ತೆ ಟೆಸ್ಟ್ ಆಡಿದರು. ಸ್ಮಿತ್ 144 ಮತ್ತು 142 ಹೊಡೆದ. ಇಂಗ್ಲೆಂಡಿನ ಪ್ರೇಕ್ಷಕರು ಸ್ಯಾಂಡ್ ಪೇಪರ್ ಆಡಿಸಿ ಕಿಚಾಯಿಸಿದರು. ಬೌಂಡರಿ ಹತ್ತಿರ ನಿಂತಿದ್ದ ವಾರ್ನರ್ ಅವರ ಕಡೆ ತಿರುಗಿ ಪ್ಯಾಂಟಿನ ಎರಡೂ ಜೇಬು ಹೊರಗೆಳೆದು ಖಾಲಿ ಅಂತ ತೋರಿಸಿದ. ಆ ವಿಡಿಯೋ ನಮ್ಮ ಗ್ರೂಪಿಗೂ ಬಂತು.

ಮಾರನೇ ದಿನ ಪಿನ್ ಟ್ರೇ ತಂದು ನನ್ನ ಟೇಬಲ್ ಮೇಲೆ ಇಟ್ಟ ನಮ್ಮ ಹಿರಿಯರು ಹಾಗೇ ನಿಂತರು. ಮುಖದಲ್ಲಿ ನಗು ಇಲ್ಲ. ಏಪ್ರನ್‌ನ ಎರಡೂ ಜೇಬು ಹೊರಗೆಳೆದು ತೋರಿಸಿದರು. ಒಂದರಿಂದ ಎಲೆ ಅಡಿಕೆ ಪೊಟ್ಟಣ ಕೆಳಗೆ ಬಿತ್ತು. ಎತ್ತಿಕೊಟ್ಟು, ಮೈಕ್ರೋಮೀಟರ್ ತೆಗೆದುಕೊಂಡು ಮೊದಲ ಪಿನ್ ಮೂರು ಕಡೆ ಅಳೆದೆ.