ಕ್ರೀಮಿಗೆ ಪರಿಮಳ ಎಂತಕ್ಕೆ?

"ಕೆಮಿಕಲ್ ಸೆಂಟ್ ಹಾಕಿದ್ದು ಮುಖಕ್ಕೆ ಹಚ್ಚಬೇಡಿ, ನ್ಯಾಚುರಲ್ ತಗೊಳ್ಳಿ" ಅನ್ನೋ ಫಾರ್ವರ್ಡ್ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಬಂದಿದೆ. "ಎಂತ ಮಾರಾಯ್ತಿ, ನಿಜವಾ ಇದು?" ಅಂತ ಚಿಕ್ಕಮ್ಮ ನನ್ನನ್ನೇ ಕೇಳಿದ್ದಾರೆ. ಅರ್ಧ ನಿಜ ಚಿಕ್ಕಮ್ಮ. ಗ್ರೂಪಲ್ಲಿ ಬರೆದರೆ ಉದ್ದ ಆಗ್ತದೆ, ಇಲ್ಲೇ ಬರೀತೇನೆ.

ನಮ್ಮ ಶಂಕರಪುರ ಮಲ್ಲಿಗೆಯನ್ನೇ ತಗೊಳ್ಳಿ. ಆ ಪರಿಮಳದಲ್ಲಿ ಲಿನಲೂಲ್, ಬೆಂಜೈಲ್ ಅಸಿಟೇಟ್ ಅನ್ನುವ ಕೆಮಿಕಲ್‌ಗಳು ಉಂಟು. ಇವೇ ಎರಡನ್ನು ಫ್ಯಾಕ್ಟರಿಯಲ್ಲೂ ಮಾಡ್ತಾರೆ. ಲಿನಲೂಲ್ ಗಿಡದಿಂದ ಬಂತಾ ಡ್ರಮ್ಮಿನಿಂದ ಬಂತಾ ಅಂತ ಚರ್ಮ ವಿಚಾರಿಸುವುದಿಲ್ಲ. ಅದಕ್ಕೆ ಬೇಕಾದ್ದು ಬೇರೆ ಲೆಕ್ಕ: ಎಷ್ಟು ಉಂಟು, ಎಷ್ಟು ಹೊತ್ತು ಮೈಮೇಲೆ ಇರ್ತದೆ, ಬಾಟಲಿ ಎಷ್ಟು ಹಳತು. ಹಳತಾದರೆ ಎಂತ ಅಂದ್ರೆ, ಲಿನಲೂಲ್, ಕಿತ್ತಳೆ ಸಿಪ್ಪೆಯ ಲಿಮೋನೀನ್ ಇವೆಲ್ಲ ಗಾಳಿ ತಾಗಿ ತಾಗಿ ಹೈಡ್ರೋಪೆರಾಕ್ಸೈಡ್ ಆಗ್ತವೆ, ಅಲರ್ಜಿ ಮಾಡುವುದರಲ್ಲಿ ಮೂಲಕ್ಕಿಂತ ಇವೇ ಜೋರು. ಬಚ್ಚಲುಮನೆಯ ಕಿಟಕಿಯಲ್ಲಿ ಮುಚ್ಚಳ ಸಡಿಲ ಬಿಟ್ಟು ವರ್ಷಗಟ್ಟಲೆ ಇಟ್ಟ ಲ್ಯಾವೆಂಡರ್ ಎಣ್ಣೆ "ನ್ಯಾಚುರಲ್" ಹೌದು, ಆದರೆ ನಾನಂತೂ ಮುಟ್ಟುವುದಿಲ್ಲ.

ಹಾಗಂತ ಫ್ಯಾಕ್ಟರಿಯ ಸಿಂಥೆಟಿಕ್ ಎಲ್ಲ ನಿರಪಾಯ ಅಂತಲ್ಲ. ಲೈರಲ್ ಅನ್ನುವ ಕೃತಕ ಪರಿಮಳದಿಂದ ಜಾಸ್ತಿ ಜನಕ್ಕೆ ಅಲರ್ಜಿ ಆಗಿ ಯುರೋಪಿನಲ್ಲಿ ಅದನ್ನು ನಿಷೇಧಿಸಿದರು. 2021ರ ಆಗಸ್ಟಿನಿಂದ ಅಂಗಡಿಯಲ್ಲಿ ಮಾರುವ ಹಾಗೂ ಇಲ್ಲ. ಲಿಲಿಯಲ್ ಅನ್ನುವ ಇನ್ನೊಂದು ಕೃತಕ ಪರಿಮಳವೂ ಅಲ್ಲಿ 2022ರ ಮಾರ್ಚಿನಲ್ಲಿ ಹೋಯಿತು. ಅದು ಹೋದದ್ದು ಸಂತಾನಶಕ್ತಿಗೆ ತೊಂದರೆ ಅನ್ನುವ ಕಾರಣಕ್ಕೆ. ಫಾರ್ವರ್ಡ್ ಹೇಳದ ಸಂಗತಿ ಒಂದುಂಟು: ಲೈರಲ್ ಜೊತೆಗೆ ಅದೇ ಆದೇಶದಲ್ಲಿ ನಿಷೇಧವಾದ ಇನ್ನೆರಡು ವಸ್ತುಗಳು, ಅಟ್ರನಾಲ್ ಮತ್ತು ಕ್ಲೋರೋಅಟ್ರನಾಲ್, ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿಯದ್ದರ ಸಾರದಲ್ಲಿ ತಾವಾಗಿಯೇ ಇರುವಂಥವು.

"ಎರಡು ವರ್ಷದಿಂದ ಇದೇ ಹಚ್ತೇನೆ, ಏನೂ ಆಗಿಲ್ಲ" ಅನ್ನುವವರು ಜಾಸ್ತಿ. ಅಲರ್ಜಿ ಮೊದಲ ದಿನವೇ ಬರಬೇಕಂತ ಇಲ್ಲ. ಮೈ ಆ ವಸ್ತುವನ್ನು ಗುರುತು ಹಿಡಿಯಲು ವರ್ಷಗಳೂ ಬೇಕಾಗಬಹುದು, ಒಮ್ಮೆ ಗುರುತು ಹಿಡಿದರೆ ಮಾತ್ರ ಸಾಮಾನ್ಯವಾಗಿ ಮರೆಯುವುದಿಲ್ಲ. ಆಮೇಲೆ ಹಚ್ಚಿದ ಒಂದೆರಡು ದಿನದಲ್ಲಿ ರೆಪ್ಪೆ ಊದ್ತದೆ, ಕುತ್ತಿಗೆ ಕೆಂಪಾಗ್ತದೆ, ಕಂಕುಳಲ್ಲಿ ತುರಿಕೆ. ನಾವು ಸೆಖೆ, ಬೆವರುಸಾಲೆ ಅಂದ್ಕೊಂಡು ಮೇಲಿಂದ ಇನ್ನಷ್ಟು ಸೆಂಟಿನ ಪೌಡರ್ ಹಾಕ್ತೇವೆ!

ಬಾಟಲಿ ಹಿಂದೆ ತಿರುಗಿಸಿ ನೋಡಿ. "ಪರ್ಫ್ಯೂಮ್" ಅಂತ ಒಂದೇ ಶಬ್ದ ಇರ್ತದೆ, ಅದರೊಳಗೆ ಹತ್ತಾರು ವಸ್ತು ಇರಬಹುದು. ಯುರೋಪಿನಲ್ಲಿ ಮೈಮೇಲೆ ಉಳಿಯುವ ಕ್ರೀಮಿನಲ್ಲಿ ಶೇ. 0.001, ತೊಳೆದು ಹೋಗುವ ಸೋಪು ಶಾಂಪೂವಿನಲ್ಲಿ ಶೇ. 0.01 ದಾಟಿದರೆ ಅಲರ್ಜಿ ಮಾಡುವಂಥವುಗಳ ಹೆಸರು ಬರೆಯಲೇಬೇಕು. ಮೊದಲು 26 ಇದ್ದ ಪಟ್ಟಿ 2023ರ ನಿಯಮದಲ್ಲಿ 80 ದಾಟಿದೆ. ಹಾಗಾಗಿ ಜೆರಾನಿಯಾಲ್, ಸಿಟ್ರೊನೆಲಾಲ್ ಅಂತ ಉದ್ದ ಪಟ್ಟಿ ಕಂಡ ಕೂಡಲೇ ಹೆದರಬೇಡಿ. ಸುಮ್ನೆ ಒಂದೇ ಶಬ್ದ ಬರೆದು ಮುಗಿಸಿದವರಿಗಿಂತ ಇವರು ವಾಸಿ, ಅಲ್ವಾ?

ನನ್ನ ಮಟ್ಟಿಗೆ ಸೋಪಿನಲ್ಲಿ ಪರಿಮಳ ಇದ್ದರೆ ತಕರಾರಿಲ್ಲ, ತೊಳೆದು ಹೋಗ್ತದೆ. ಮುಖದ ಕ್ರೀಮು, ಮಕ್ಕಳಿಗೆ ಹಚ್ಚುವ ಲೋಷನ್ ಇವುಗಳಲ್ಲಿ ಬೇಡವೇ ಬೇಡ. ಕೊಳ್ಳುವಾಗ "ಫ್ರಾಗ್ರೆನ್ಸ್ ಫ್ರೀ" ಅಂತ ಇದೆಯಾ ನೋಡಿ. "ಅನ್‌ಸೆಂಟೆಡ್" ಅಂದ್ರೆ ಕೆಲವೊಮ್ಮೆ ವಾಸನೆ ಮುಚ್ಚಲಿಕ್ಕೇ ಇನ್ನೊಂದು ಪರಿಮಳ ಹಾಕಿರ್ತಾರೆ. ಹೊಸ ಕ್ರೀಮನ್ನು ಮೊಣಕೈ ಒಳಬದಿಗೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ ಆಮೇಲೆ ಮುಖಕ್ಕೆ ತನ್ನಿ.

ತುರಿಕೆ ಬಿಡದಿದ್ದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಬೇಕು. ಯಾವುದರಿಂದ ಅಲರ್ಜಿ ಅಂತ ತಿಳಿಯಲಿಕ್ಕೆ ಸಂಶಯದ ವಸ್ತುಗಳನ್ನು ಹಾಕಿದ ಪಟ್ಟಿ ಬೆನ್ನಿಗೆ ಅಂಟಿಸಿ ಎರಡು ದಿನ ಬಿಡ್ತಾರೆ, ತೆಗೆದ ಮೇಲೆ ಮತ್ತೊಮ್ಮೆ ಹೋಗಿ ತೋರಿಸಬೇಕು. ಅಷ್ಟು ದಿನ ಬೆನ್ನು ಒದ್ದೆ ಮಾಡುವ ಹಾಗಿಲ್ಲ, ಬೆವರಲೂ ಬಾರದು. ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಇದು ಆಗುವ ಮಾತಲ್ಲ, ಡಿಸೆಂಬರಿಗೆ ಅಪಾಯಿಂಟ್‌ಮೆಂಟ್ ತಗೊಳ್ಳಿ.