ಕುದುರೆಗೆ ಮದರಂಗಿ

ನಾನು ಹಳೇ ಚಿತ್ರಗಳನ್ನು ನೋಡಿಕೊಂಡು ಚಿತ್ರ ಬರೆಯುವವಳು. ಸ್ವಂತದ್ದು ಏನೂ ಇಲ್ಲ, ಬರೀ ನಕಲು. ತಿಂಗಳಿಂದ ಮೇಜಿನ ಮೇಲೆ ಉದಯಪುರದ ಒಂದು ಚಿಕಣಿ ಚಿತ್ರದ ಪ್ರಿಂಟು ಇದೆ. ಒಂದು ಬಿಳಿ ಕುದುರೆ, ಲಗಾಮು ಹಿಡಿದ ಒಬ್ಬ ಸಯಿಸ, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಹಿಂದೆ ಖಾಲಿ ಹಸಿರು. ಅಷ್ಟೇ.

ಮೊದಲ ಸಲ ಬರೆದಾಗಲೇ ಎಡವಟ್ಟಾಯಿತು. ಪ್ರಿಂಟಿನಲ್ಲಿ ಕುದುರೆಯ ನಾಲ್ಕೂ ಕಾಲು, ಹೊಟ್ಟೆಯ ಕೆಳಗೆ, ಬಾಲದ ತುದಿ ಎಲ್ಲಾ ಇಟ್ಟಿಗೆ ಬಣ್ಣ. ಮೇಲೆ ಅಪ್ಪಟ ಬಿಳಿ. ನಡುವೆ ಗೆರೆ ಎಳೆದ ಹಾಗಿತ್ತು. ಕೆಮ್ಮಣ್ಣಿನ ಹೊಳೆ ದಾಟಿ ಬಂದ ಕುದುರೆ ಅನ್ನಬೇಕು. ಪ್ರಿಂಟೇ ಕೆಟ್ಟಿದೆ ಅಂದುಕೊಂಡು ಪೂರ್ತಿ ಬಿಳಿ ಬಳಿದುಬಿಟ್ಟೆ. ಆಮೇಲೆ ಮೊಘಲರ ಚಿತ್ರಗಳಲ್ಲೂ ಅದೇ ಕೆಂಪು ಕಂಡಾಗ ನಾಲಿಗೆ ಕಚ್ಚಿಕೊಂಡೆ. ಅದು ಮದರಂಗಿ! ಅರಮನೆಯ ಕುದುರೆಗೂ ಮದುಮಗಳ ಹಾಗೆ ಮದರಂಗಿ. ನಮ್ಮ ಕೈಗೆ ಹಚ್ಚಿದರೇ ಒಣಗುವ ತನಕ ಸುಮ್ನೆ ಕೂರುವುದು ಕಷ್ಟ. ಒದೆಯುವ ಪ್ರಾಣಿಯ ಹೊಟ್ಟೆಯಡಿ ಕೂತು ಹಚ್ಚಿದವನ ಗತಿ?

ಹಾಗೆ ನನ್ನ ಕಣ್ಣು ಸಯಿಸನ ಮೇಲೆ ಬಿತ್ತು.

ಇಂಥ ಚಿತ್ರಗಳಲ್ಲಿ ಕುದುರೆ ಹೆಚ್ಚುಕಮ್ಮಿ ಒಂದೇ ಅಚ್ಚು. ಪಕ್ಕದಿಂದ ಕಂಡ ಮೈ, ಪುಟ್ಟ ತಲೆ, ಉಬ್ಬಿದ ಎದೆ, ಕಡ್ಡಿ ಕಾಲು. ರಾಜಸ್ಥಾನದ ಚಿತ್ರಗಳಲ್ಲಿ ಎಷ್ಟೋ ಕಡೆ ಕುದುರೆಯ ಹೆಸರನ್ನೂ ಬರೆದಿರುತ್ತಾರೆ. ಸಯಿಸನ ಹೆಸರು ಅಪರೂಪ. ನನ್ನ ಪ್ರಿಂಟಿನಲ್ಲಂತೂ ಅವನು ಕುದುರೆಯ ಎದೆಮಟ್ಟಕ್ಕೂ ಬರುವುದಿಲ್ಲ. ಆದರೆ ಅವನ ಮುಷ್ಟಿ ನೋಡಿ, ಕಡಿವಾಣಕ್ಕೆ ಒಂದು ಗೇಣೂ ದೂರವಿಲ್ಲ. ಹಿಮ್ಮಡಿ ಊರಿ ಮೈಯನ್ನು ಹಿಂದಕ್ಕೆ ವಾಲಿಸಿದ್ದಾನೆ. ಅಂಗಿಯ ಚುಂಗನ್ನು ನಡುಕಟ್ಟಿಗೆ ಸಿಕ್ಕಿಸಿದ್ದಾನೆ, ಓಡುವಾಗ ಕಾಲಿಗೆ ತೊಡರಬಾರದಲ್ವಾ. ಗಲ್ಲದ ಮೇಲೆ ಎರಡು ದಿನದ ಗಡ್ಡ, ಚುಕ್ಕಿ ಚುಕ್ಕಿ. ಅಳಿಲಿನ ಕೂದಲ ಕುಂಚದಲ್ಲಿ ಒಂದೊಂದೇ ಚುಕ್ಕಿ ಇಟ್ಟಿರಬೇಕು. ಚಿತ್ರಗಾರ ಕುದುರೆಯನ್ನು ಗುರುಗಳಿಂದ ಕಲಿತ, ಇವನನ್ನು ಮಾತ್ರ ಲಾಯಕ್ಕೆ ಹೋಗಿ ನೋಡಿ ಬಂದ ಅಂತ ನನ್ನ ಅನುಮಾನ.

ಲಾಯದ ಕೆಲಸದವರ ಬಗ್ಗೆ ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿ ಅನ್ನುವ ಪುಸ್ತಕದಲ್ಲಿ ಚೆನ್ನಾಗಿ ಬರೆದಿದ್ದಾನೆ. ಅಕ್ಬರನ ಲಾಯಗಳಲ್ಲಿ 12,000 ಕುದುರೆ. ಎರಡು ಕುದುರೆಗೆ ಒಬ್ಬ ಸಯಿಸ. ಲಾಳ ಹೊಡೆಯುವವನು ಬೇರೆ, ನೀರು ತರುವವನು ಬೇರೆ, ಕಸ ಗುಡಿಸುವವನು ಬೇರೆ. ಸಿಪಂದ್ ಅನ್ನುವ ಗಿಡದ ಬೀಜ ಸುಟ್ಟು ಹೊಗೆ ಹಾಕಲಿಕ್ಕೇ ಒಬ್ಬ. ದೃಷ್ಟಿ ತಾಗಬಾರದಲ್ಲ! ಜೊತೆಗೆ ಓಡುವವರು, ಜಿಲೌದಾರರು. ವೇಗ ನೋಡಿ ಅವರ ಸಂಬಳ. ಕೆಲವರು ದಿನಕ್ಕೆ 50ರಿಂದ 100 ಕೋಸ್ ಓಡುತ್ತಿದ್ದರಂತೆ. ಒಂದು ಕೋಸ್ ಅಂದರೆ 3 ಕಿಲೋಮೀಟರಿಗೆ ಕಮ್ಮಿಯಿಲ್ಲ. ಅಬುಲ್ ಫಜಲ್ ಸ್ವಲ್ಪ ಜಾಸ್ತಿಯೇ ಹೇಳಿದ ಅನ್ನಿಸುತ್ತದೆ. ಅವನೇನು ಓಡಬೇಕಿತ್ತೇ?

ಈಗ ಎರಡನೇ ನಕಲು ನಡೆದಿದೆ. ಕುದುರೆಗೆ ಈ ಸಲ ಮರೆಯದೆ ಮದರಂಗಿ ಹಚ್ಚಿದ್ದೇನೆ. ಸಯಿಸನ ಹೆಬ್ಬೆರಳೇ ಕೂಡಿಬರುತ್ತಿಲ್ಲ. ಸ್ವಲ್ಪ ದಪ್ಪವಾದರೆ ಲಗಾಮನ್ನು ಹಿಂಡಿದ ಹಾಗೆ, ಸಣ್ಣದಾದರೆ ಹೂ ಹಿಡಿದ ಹಾಗೆ. ಮೂರು ಸಲ ಅಳಿಸಿದೆ. ಕಾಗದ ಅಲ್ಲಿ ಆಗಲೇ ನವೆದಿದೆ.