ಕಂಕುಳಿನ ತಂತಿ

12 ಜೂನ್ 2024, ಬುಧವಾರ, ಶಿವಮೊಗ್ಗ

ಎಡಗೈ ಮೇಲೆತ್ತಿದರೆ ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂಬೂರಿಯ ತಂತಿಯಂತೆ ಏನೋ ಬಿಗಿದು ನಿಲ್ಲುತ್ತದೆ. ಸ್ತನ ಕ್ಯಾನ್ಸರಿನ ಗಡ್ಡೆ ಮತ್ತೆ ಬಂತೋ ಏನೋ ಎಂದು ರಾತ್ರಿಯೆಲ್ಲ ತಡವಿಕೊಂಡು ಕುಳಿತಿದ್ದೆ. ಫಿಸಿಯೋಥೆರಪಿಯ ಹುಡುಗಿ ನೋಡಿದ ಕೂಡಲೇ, "ಇದು ಕಾರ್ಡಿಂಗ್, ಹೆದರಬೇಡಿ ಅಮ್ಮಾ" ಎಂದಳು. ಸ್ತನದ ಜೊತೆಗೆ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದ ಮೇಲೆ ಅನೇಕರಿಗೆ ಇದು ಬರುತ್ತದಂತೆ. ಕೆಲವರಿಗೆ ಹೆಬ್ಬೆರಳ ಬುಡದವರೆಗೂ ಇಳಿಯುತ್ತದಂತೆ. ಆಸ್ಪತ್ರೆಯಿಂದ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಬೇಡವೇ? ಮಾತ್ರೆಗಳ ಪಟ್ಟಿ ಮಾತ್ರ ಮಾರುದ್ದ.

ಅವಳು ಒಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದು, ಇನ್ನೊಂದರ ಹೆಬ್ಬೆರಳಿನಿಂದ ತಂತಿಯ ಮೇಲಿನ ಚರ್ಮವನ್ನು ಮೆಲ್ಲನೆ ಎಳೆದಳು. ತೋಳಿನ ಒಳಬದಿ ಮರಗಟ್ಟಿದೆ, ಅವಳ ಬೆರಳು ಅಲ್ಲಿ ಓಡಾಡಿದ್ದೇ ತಿಳಿಯಲಿಲ್ಲ. ಕಂಕುಳಿಗೆ ಬಂದಾಗ ಮಾತ್ರ ಕಣ್ಣಲ್ಲಿ ನೀರು ಬಂತು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸುವ ಕೆಲಸ. ಮುಟ್ಟಿದ ಕಡೆ ಅವಳು ಪೆನ್ಸಿಲಿನಿಂದ ಗೆರೆ ಎಳೆದಳು. ರೇಡಿಯೇಶನ್ ಕೊಡುವಾಗ ಕೈಯನ್ನು ತಲೆಯ ಮೇಲೆ ಚಾಚಿ ಅಲುಗಾಡದೆ ಮಲಗಬೇಕು. ಅಷ್ಟರೊಳಗೆ ಭುಜ ತೆರೆದುಕೊಳ್ಳಲೇಬೇಕು.

ಎರಡೂ ತೋಳುಗಳನ್ನು ಟೇಪಿನಿಂದ ಅಳೆದಳು. ಒಂದೇ ಜಾಗದಲ್ಲಿ ಎರಡರ ನಡುವೆ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ದುಗ್ಧರಸ (ಲಿಂಫ್ ದ್ರವ) ನಿಂತು ಕೈ ಊದಿಕೊಳ್ಳುತ್ತಿದೆ ಎಂಬ ಅನುಮಾನ ಪಡಬೇಕಂತೆ. ನನಗೆ ಅಷ್ಟಿಲ್ಲ. ಬಳೆ, ಉಂಗುರ ಬಿಗಿಯಾದರೂ ತಕ್ಷಣ ಬಂದು ತೋರಿಸಬೇಕೆಂದಳು.

ಮನೆಯಲ್ಲಿ ಅತ್ತೆಯದು ಬೇರೆಯೇ ಶಾಸನ. "ಆ ಕೈಯಲ್ಲಿ ಒಂದು ಲೋಟವನ್ನೂ ಎತ್ತಬೇಡ ಕಣೇ" ಎನ್ನುತ್ತಾರೆ. ಅವರನ್ನು ದೂರಲಾರೆ, ಹಿಂದೆ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. 2009ರಲ್ಲಿ ಅಮೆರಿಕದ ಅಧ್ಯಯನವೊಂದು ಕೈ ಊದಿದ ಹೆಂಗಸರಿಗೇ ತರಬೇತುದಾರರ ಕಣ್ಣೆದುರು ನಿಧಾನವಾಗಿ ಭಾರ ಎತ್ತಿಸಿ, ಊತ ಹೆಚ್ಚುವುದಿಲ್ಲ ಎಂದು ತೋರಿಸಿತು. ಇದನ್ನು ಅತ್ತೆಗೆ ವಿವರಿಸಿದೆ. "ಅಮೆರಿಕದವರು ನಮ್ಮ ಕೊಡಪಾನ ನೋಡಿದ್ದಾರೆಯೇ?" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಸದ್ಯಕ್ಕೆ ಅರ್ಧ ಲೀಟರಿನ ನೀರಿನ ಬಾಟಲಿಗೆ ರಾಜಿಯಾಗಿದೆ, ಅದೂ ಹೊಲಿಗೆ ಪೂರ್ತಿ ಒಣಗಿದ ಮೇಲೆ.

ನಾಳೆ ಟೈಲರ್ ಬಳಿ ಹೋಗಿ ರವಿಕೆಗಳ ಎಡತೋಳು ಸಡಿಲ ಮಾಡಿಸಬೇಕು. ಹುಕ್ಕುಗಳು ಮುಂದೆ ಬರಲಿ ಎಂದೂ ಹೇಳಬೇಕು.